ಬಾವುಟ ಇಳಿಸುವ ಸಂಜೆ

ಬಾವುಟ ಏರಿಸುವಾಗ ಊರಿಗೆ ಊರೇ ಸೇರುತ್ತದೆ. ಇಳಿಸುವಾಗ ಒಬ್ಬರೂ ಇರುವುದಿಲ್ಲ. ಕೆಲವು ವರ್ಷಗಳ ಹಿಂದೆ, ಆಗಸ್ಟ್ 16ರ ಬೆಳಿಗ್ಗೆ, ಒಂದು ಶಾಲೆಯ ಮುಂದೆ ಹೋಗುತ್ತಿದ್ದೆ. ರಾತ್ರಿ ಇಡೀ ಮಳೆಗೆ ನೆಂದ ಬಾವುಟ ಕಂಬಕ್ಕೆ ಅಂಟಿಕೊಂಡಿತ್ತು. ಹೊಟ್ಟೆಯಲ್ಲಿ ಸಂಕಟವಾಯಿತು. ನಾನೇ ಇಳಿಸಿ, ಮನೆಗೆ ಒಯ್ದು, ನೆರಳಲ್ಲಿ ಒಣಗಿಸಿ ತಂದುಕೊಟ್ಟೆ. ಆಮೇಲೆ ನಮ್ಮೂರ ಶಾಲೆಯ ಅಕ್ಕೋರ ಹತ್ತಿರ ಹೋಗಿ, "ಇಳಿಸುವ ಕೆಲಸ ನನಗೆ ಕೊಡಿ" ಎಂದು ಕೇಳಿದೆ.

ನಾನು ನೌಕಾಪಡೆಯಲ್ಲಿ ಸಿಗ್ನಲ್‌ಮನ್ ಆಗಿದ್ದವನು. ಬಾವುಟವೇ ನನ್ನ ಕಸುಬು. ಬಂದರಿನಲ್ಲಿ ನಿಂತ ಹಡಗಿನಲ್ಲಿ ಬೆಳಿಗ್ಗೆ ಎಂಟಕ್ಕೆ ಬಾವುಟ ಏರುತ್ತದೆ, ಸೂರ್ಯ ಮುಳುಗುವಾಗ ಇಳಿಯುತ್ತದೆ. ಆ ಹೊತ್ತಿಗೆ ಡೆಕ್ಕಿನ ಮೇಲೆ ಇದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು, ಬಾವುಟದ ಕಡೆ ಮುಖ ಮಾಡಿ ನಿಲ್ಲುತ್ತಾರೆ. ಬ್ಯೂಗಲ್ ಶುರುವಾದಾಗ ಹಗ್ಗ ಬಿಡಬೇಕು. ಬ್ಯೂಗಲ್ ಮುಗಿಯುವಾಗ ಬಾವುಟ ಕೈಗೆ ಬಂದಿರಬೇಕು. ಒಂದು ಕ್ಷಣ ಮೊದಲೂ ಅಲ್ಲ, ಆಮೇಲೂ ಅಲ್ಲ.

ಇದನ್ನು ಕಲಿಸಿದ ಹಿರಿಯರು 1971ರ ಯುದ್ಧ ಕಂಡವರು. ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರದ ಸಮುದ್ರದಲ್ಲಿ ನಮ್ಮ ಯುದ್ಧನೌಕೆ ಐಎನ್‌ಎಸ್ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ಏಳು ದಿನ ಕಳೆದರೆ ಡಿಸೆಂಬರ್ 16. ಢಾಕಾದ ರಮ್ನಾ ಮೈದಾನದಲ್ಲಿ ಪಾಕಿಸ್ತಾನದ ಸೇನಾಪತಿ ನಿಯಾಜಿ ಶರಣಾಗತಿಗೆ ಸಹಿ ಹಾಕಿದ್ದು ಆ ಸಂಜೆ. ನಮ್ಮ ಹಿರಿಯರಿಗೆ ಅದು ಗೆದ್ದ ದಿನವೂ ಹೌದು, ಬಾರದೆ ಹೋದವರನ್ನು ಎಣಿಸುವ ದಿನವೂ ಹೌದು. ಹಾಗಾಗಿ ನಾನು ಊರಿನಲ್ಲಿ ಆರಿಸಿಕೊಂಡಿದ್ದು ಡಿಸೆಂಬರ್ 16ರ ಸಂಜೆಯನ್ನೇ.

ಮೊದಲ ವರ್ಷ ಹಿರಿಯರೊಬ್ಬರು, "ಸತ್ತವರ ನೆನಪಿಗೆ ಅಲ್ವಾ, ಬಾವುಟ ಅರ್ಧಕ್ಕೆ ನಿಲ್ಲಿಸೋಣ" ಅಂದರು. ಅವರ ಮನಸ್ಸು ಅರ್ಥವಾಯಿತು, ಆದರೆ ಒಪ್ಪಲಿಲ್ಲ. ಅರ್ಧಕ್ಕೆ ಇಳಿಸಬೇಕೆಂದರೆ ಸರ್ಕಾರ ಹೇಳಬೇಕು, ನಾವು ನಾವೇ ಮಾಡುವಂತಿಲ್ಲ. ಅದನ್ನು ಮಾಡುವ ಕ್ರಮವೂ ಬೇರೆ. ಮೊದಲು ತುದಿಯವರೆಗೆ ಏರಿಸಿ, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವ ಮುಂಚೆಯೂ ಮತ್ತೊಮ್ಮೆ ತುದಿ ಮುಟ್ಟಿಸಬೇಕು. ಸುಮ್ನೆ ಅರ್ಧದಲ್ಲಿ ಕಟ್ಟಿ ಬಿಡುವುದನ್ನು ಜಾಸ್ತಿ ನೋಡಿದ್ದೇನೆ, ಅದು ತಪ್ಪು. "ದಿನವಿಡೀ ಪೂರ್ತಿ ಹಾರಲಿ, ಇಳಿಸುವಾಗ ನೆನೆಯೋಣ" ಅಂದೆ. ಅವರು ಒಪ್ಪಿದರು.

ಧ್ವಜಸಂಹಿತೆಯ ಮಾತು ಇಷ್ಟೇ: ಏರಿಸುವುದು ಚುರುಕಾಗಿ, ಇಳಿಸುವುದು ನಿಧಾನವಾಗಿ. ಮಕ್ಕಳಿಗೆ ಕಷ್ಟವಾಗಿದ್ದು ಈ ನಿಧಾನವೇ. ಹಗ್ಗ ಕೈಗೆ ಸಿಕ್ಕರೆ ಸರ್ರನೆ ಎಳೆದುಬಿಡುತ್ತಾರೆ. ನಮ್ಮದು ಕಡಲ ದಂಡೆಯ ಊರು, ಉಪ್ಪುಗಾಳಿಗೆ ರಾಟೆ ತುಕ್ಕು ಹಿಡಿಯುತ್ತದೆ. ಒಮ್ಮೆ ಬಾವುಟ ಅರ್ಧದಲ್ಲೇ ಸಿಕ್ಕಿಬಿತ್ತು. ಈಗ ವಾರದ ಮುಂಚೆಯೇ ರಾಟೆಗೆ ಎಣ್ಣೆ ಬಿಡುತ್ತೇನೆ, ಹಗ್ಗ ತಿಕ್ಕಿ ನೋಡುತ್ತೇನೆ. ಒಂದು ಕೈ ಎಳೆಯಬೇಕು, ಇನ್ನೊಂದು ಕೈ ಬಿಡಬೇಕು, ಎರಡೂ ಎಳೆ ಬಿಗಿಯಾಗೇ ಇರಬೇಕು. ಇಲ್ಲದಿದ್ದರೆ ಗಾಳಿಗೆ ಬಟ್ಟೆ ಕಂಬಕ್ಕೆ ಸುತ್ತಿಕೊಳ್ಳುತ್ತದೆ. ಮಕ್ಕಳಿಗೆ ಮನಸ್ಸಿನಲ್ಲೇ ಮೂವತ್ತು ಎಣಿಸಲು ಹೇಳಿಕೊಟ್ಟೆ. ಕೆಳಗೆ ಇಬ್ಬರು ಕೈ ಚಾಚಿ ನಿಂತಿರುತ್ತಾರೆ, ನೆಲಕ್ಕೆ ಸೋಕಬಾರದು.

ನಾಲ್ಕೂವರೆಗೆ ಎಲ್ಲರೂ ಸೇರುತ್ತೇವೆ. ಢಾಕಾದಲ್ಲಿ ಸಹಿ ಬಿದ್ದಿದ್ದು ಸುಮಾರು ಅದೇ ಹೊತ್ತಿಗೆ. ನಾನು ಖುಕ್ರಿಯ ಕತೆ ಹೇಳುತ್ತೇನೆ. ನಮ್ಮ ಕಡೆ ಡಿಸೆಂಬರಿನಲ್ಲಿ ಸೂರ್ಯ ಮುಳುಗುವುದು ಆರು ದಾಟಿದ ಮೇಲೆ, ಅಲ್ಲಿಯವರೆಗೆ ಕಾಯುತ್ತೇವೆ. ಆ ಕಾಯುವಿಕೆ ಬೇಕು ಅನ್ನುವುದು ನನ್ನ ನಂಬಿಕೆ. ಸಾರ್ವಜನಿಕರು ರಾತ್ರಿಯೂ ಹಾರಿಸಬಹುದು ಎಂದು 2022ರಲ್ಲಿ ನಿಯಮ ಬದಲಾಗಿದೆ, ಗೊತ್ತು. ಆದರೂ ನಾನು ಇಳಿಸುತ್ತೇನೆ.

ಬ್ಯೂಗಲ್ ನಮ್ಮಲ್ಲಿಲ್ಲ. ಒಂದು ಸೀಟಿ ಊದುತ್ತೇನೆ, ಎಲ್ಲರೂ ನೆಟ್ಟಗೆ ನಿಲ್ಲುತ್ತಾರೆ. ಹಗ್ಗದ ಸದ್ದು, ಅಲೆಯ ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಬಾವುಟ ಕೈಗೆ ಬಂದ ಮೇಲೆ ಎರಡು ನಿಮಿಷ ಮೌನ.

ಆಮೇಲೆ ಮಡಚುವುದು. ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿ, ಬಿಳಿಯನ್ನು ಎರಡೂ ಕಡೆಯಿಂದ ಒಳಗೆ ತಂದರೆ ಮೇಲೆ ಚಕ್ರ ಕಾಣುತ್ತದೆ. ನಮ್ಮದು ಹುಬ್ಬಳ್ಳಿಯ ಬೆಂಗೇರಿಯಲ್ಲಿ ಹೊಲಿದ ಖಾದಿ ಬಾವುಟ, ಮಡಚಿದರೆ ಮಡಿಕೆ ನಿಲ್ಲುತ್ತದೆ.

ಹೋದ ಸಲ ಬಾವುಟ ಹಿಡಿದುಕೊಂಡವಳು ಆರನೇ ತರಗತಿಯ ಹುಡುಗಿ. ಎರಡೂ ಅಂಗೈ ಮೇಲೆ ಇಟ್ಟುಕೊಂಡು ಅಕ್ಕೋರ ಕೋಣೆಯವರೆಗೆ ನಡೆದಳು. ಕಪಾಟಿನಲ್ಲಿ ಇಟ್ಟವಳು ತಿರುಗಿ, "ಮಾಮಾ, ಖುಕ್ರಿಯ ಬಾವುಟ ಯಾರು ಇಳಿಸಿದರು?" ಎಂದು ಕೇಳಿದಳು.

"ಯಾರೂ ಇಳಿಸಲಿಲ್ಲ ಮಗಾ" ಅಂದೆ.