ನಾನು ಎರಡನೇ ಗೋಲಿ

ನನ್ನ ಬಲಗೈ ಉಂಗುರದ ಬೆರಳಿನ ಗೆಣ್ಣು ಮೂರು ಸಲ ಜಾರಿ, ಊದಿಕೊಂಡಿದ್ದು ಹಾಗೇ ಉಳಿದುಬಿಟ್ಟಿದೆ. ನಿಶ್ಚಿತಾರ್ಥದ ದಿನ ಉಂಗುರ ಅದನ್ನು ದಾಟಲಿಲ್ಲ. ಹುಡುಗಿ ತಳ್ಳಿದಳು, ಸೋಪು ತಂದರು, ನೆಂಟರೆಲ್ಲ ನಕ್ಕರು. ಕೊನೆಗೆ ನಮ್ಮತ್ತೆ, 'ಹೋಗ್ಲಿ ಬಿಡಮ್ಮ, ಕಿರುಬೆರಳಿಗೇ ಹಾಕು' ಅಂದರು. ಫುಟ್‌ಬಾಲ್ ಅಂದರೆ ಕಾಲಿನ ಆಟ ಅಂದುಕೊಂಡಿದ್ದವರಿಗೆ ಕೈಬೆರಳು ಹೇಗೆ ಹಾಳಾಯಿತು ಅಂತ ವಿವರಿಸುವಷ್ಟರಲ್ಲಿ ಊಟದ ಹೊತ್ತಾಗಿತ್ತು.

2003ರಿಂದ 2017ರವರೆಗೆ, ಹದಿನಾಲ್ಕು ವರ್ಷ ಬೆಂಗಳೂರಿನ ಲೀಗ್‌ನಲ್ಲಿ ಗೋಲಿಯಾಗಿದ್ದೆ. ಹೊರಗಿನವರಿಗೆ ಗೋಲಿ ಅಂದರೆ ಬೀದಿಯಲ್ಲಿ ಆಡುವ ಗೋಲಿ. ನಮ್ಮ ಆಸ್ಟಿನ್ ಟೌನ್, ಗೌತಮಪುರದ ಕಡೆ ಗೋಲ್‌ಕೀಪರ್‌ಗೇ ಹಾಗೆ ಅನ್ನುವುದು. ಹದಿನಾಲ್ಕರಲ್ಲಿ ಒಂಬತ್ತು ವರ್ಷ ನಾನು ಎರಡನೇ ಗೋಲಿ. ಅಂದರೆ ಬೆಂಚಿನ ಮೇಲೆ ಕೂತವನು. ಮೊದಲನೇ ಗೋಲಿಗಳ ಕತೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬೆಂಚಿನದ್ದು ಹೇಳುತ್ತೇನೆ.

ನಮ್ಮ ಕಡೆ ಹುಡುಗರು ನಡೆಯಲು ಕಲಿತ ಕೂಡಲೇ ಚೆಂಡು ಒದೆಯುತ್ತಾರೆ. ಗೌತಮಪುರದ ಬೀದಿಯಲ್ಲಿ ಪೆಲೆಯ ಪ್ರತಿಮೆ ಇದೆ, ಯಾರು ಬೇಕಾದರೂ ಹೋಗಿ ನೋಡಬಹುದು. ಅಂಥ ಕಡೆ ಯಾವ ಹುಡುಗನೂ ತಾನಾಗಿ ಗೋಲಿಯಾಗುವುದಿಲ್ಲ. ನಾನು ಉದ್ದಕ್ಕಿದ್ದೆ, ಓಟದಲ್ಲಿ ನಿಧಾನ, ಜೊತೆಗೆ ಚೆಂಡು ನನ್ನದಲ್ಲ. ಎರಡು ಚಪ್ಪಲಿಗಳ ನಡುವೆ ನಿಲ್ಲಿಸಿದರು. ಬೀಳುವುದನ್ನು ಕಲಿಸಿದ್ದು ಒಂದು ಇಲಾಖಾ ತಂಡಕ್ಕೆ ಆಡಿ ಬಿಟ್ಟಿದ್ದ ಅಣ್ಣ ಒಬ್ಬರು. 'ಮೊಣಕೈ ಊರಬೇಡ, ಹೊಟ್ಟೆ ಮೇಲೆ ಬೀಳಬೇಡ. ಮೊದಲು ಮೀನಖಂಡ, ಆಮೇಲೆ ತೊಡೆ, ಸೊಂಟದ ಪಕ್ಕ, ಕೊನೆಗೆ ಭುಜ. ಮರ ಉರುಳಿದ ಹಾಗೆ ಅಲ್ಲ, ಚಾಪೆ ಬಿಚ್ಚಿದ ಹಾಗೆ.' ಆ ಕೆಂಪು ಮಣ್ಣಿನಲ್ಲಿ ಚಾಪೆ ಬಿಚ್ಚಿ ಬಿಚ್ಚಿ ಎರಡೂ ಸೊಂಟದ ಮೇಲೆ ರೊಟ್ಟಿಯಷ್ಟು ಅಗಲದ ಗಾಯ. ಅಮ್ಮ ಅರಿಶಿನ ಕಲಸಿದ ಕೊಬ್ಬರಿಎಣ್ಣೆ ಹಚ್ಚುತ್ತಾ, 'ಬೇರೆಯವ್ರ ಮಕ್ಳು ಗೋಲ್ ಹೊಡೀತಾರೆ, ನೀನ್ಯಾಕೋ ನೆಲಕ್ ಹೊಡ್ಕೊಂಡ್ ಬರ್ತೀಯ?' ಅನ್ನುತ್ತಿದ್ದಳು.

ಮೊದಲ ಗ್ಲೌಸ್ ಹಾರ್ಡ್‌ವೇರ್ ಅಂಗಡಿಯದು. ಗೋಡೌನ್ ಕೆಲಸದವರು ಹಾಕಿಕೊಳ್ಳುವ, ರಬ್ಬರ್ ಚುಕ್ಕಿ ಇರುವ ಬಿಳಿ ಹತ್ತಿ ಗ್ಲೌಸ್. ನಿಜ ಹೇಳಬೇಕೆಂದರೆ ಒಣಗಿದ ಚೆಂಡಿಗೆ ಅದು ಕೆಟ್ಟದ್ದೇನಲ್ಲ. ಒಳ್ಳೆಯ ಲೇಟೆಕ್ಸ್ ಗ್ಲೌಸ್ ಸಿಕ್ಕಿದ್ದು ತಂಡ ಸೇರಿದ ಮೇಲೆ. ಅದರ ಪಾಡು ಬೇರೆ. ಆಟಕ್ಕೆ ಮುಂಚೆ ಅಂಗೈ ಒದ್ದೆ ಮಾಡಬೇಕು, ಇಲ್ಲದಿದ್ದರೆ ಹಿಡಿತ ಬರುವುದಿಲ್ಲ. ಆಟ ಮುಗಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಹಿಂಡದೆ ಒತ್ತಿ ತೊಳೆದು ನೆರಳಲ್ಲಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಹಪ್ಪಳ.

19ನೇ ವಯಸ್ಸಿಗೆ ಒಂದು ಕಾರ್ಖಾನೆ ತಂಡದ ಟ್ರಯಲ್ಸ್‌ನಲ್ಲಿ ಆಯ್ಕೆಯಾದೆ. ಎಚ್‌ಎಎಲ್, ಐಟಿಐ ಅಂಥ ತಂಡಗಳ ಹೆಸರು ಕೇಳುತ್ತಾ ಬೆಳೆದವರಿಗೆ ಫುಟ್‌ಬಾಲ್ ಅಂದರೆ ಕೆಲಸ; ಕೆಲಸ ಅಂದರೆ ಕ್ಯಾಂಟೀನು, ಪಿಎಫ್, ಕ್ವಾರ್ಟರ್ಸ್. ನನಗೆ ಕೊಟ್ಟಿದ್ದು ಸ್ಟೈಪೆಂಡ್, ವರ್ಷವರ್ಷಕ್ಕೂ ಹೊಸ ಕಾಗದ. ಚೆನ್ನಾಗಿ ಆಡಿದರೆ ಕಾಯಂ ಮಾಡುತ್ತೇವೆ ಅಂದರು. ಆದರೆ ಚೆನ್ನಾಗಿ ಆಡಬೇಕಾದರೆ ಮೊದಲು ಆಡಬೇಕಲ್ಲ?

ಇಲ್ಲೇ ನಮ್ಮ ಲೆಕ್ಕ ಉಳಿದವರಿಗಿಂತ ಬೇರೆ. ಬೆಂಚಿನಲ್ಲಿರುವ ಫಾರ್ವರ್ಡ್‌ಗೆ ಕೊನೆಯ ಇಪ್ಪತ್ತು ನಿಮಿಷವಾದರೂ ಸಿಗುತ್ತದೆ. ಡಿಫೆಂಡರ್‌ನನ್ನು ಎಡಕ್ಕೆ, ಬಲಕ್ಕೆ, ಮಧ್ಯಕ್ಕೆ ಎಳೆಯಬಹುದು. ಗೋಲಿಗೆ ಇರುವುದು ಒಂದೇ ಜಾಗ. ಅದರಲ್ಲಿ ನಿಂತವನು ಕಾಲು ಮುರಿದುಕೊಳ್ಳಬೇಕು, ರೆಡ್ ಕಾರ್ಡ್ ತಗೊಳ್ಳಬೇಕು, ಇಲ್ಲ ಸತತವಾಗಿ ತಪ್ಪು ಮಾಡಬೇಕು. ಗೋಲಿಗೆ ವಯಸ್ಸೂ ಬೇಗ ಆಗುವುದಿಲ್ಲ. ಇಟಲಿಯ ಡಿನೊ ಝೋಫ್ 40ರಲ್ಲಿ ನಾಯಕನಾಗಿ 1982ರ ವಿಶ್ವಕಪ್ ಗೆದ್ದ; ಈಜಿಪ್ಟಿನ ಎಸ್ಸಾಮ್ ಎಲ್ ಹದಾರಿ 2018ರಲ್ಲಿ 45 ದಾಟಿದವನು ವಿಶ್ವಕಪ್‌ನಲ್ಲಿ ಪೆನಾಲ್ಟಿ ತಡೆದ. ಎಲ್ಲರೂ ಇದನ್ನು ಗೋಲಿಗಳ ಭಾಗ್ಯ ಅನ್ನುತ್ತಾರೆ. ಅವರ ಹಿಂದೆ ಬೆಂಚಿನಲ್ಲಿ ಕೂತಿದ್ದವರನ್ನು ಕೇಳಿ.

ನಮ್ಮ ಮೊದಲನೇ ಗೋಲಿ ನನಗಿಂತ ನಾಲ್ಕು ವರ್ಷ ದೊಡ್ಡವನು. ಪ್ರತಿ ಆಟಕ್ಕೂ ಮುಂಚೆ ಅವನನ್ನು ವಾರ್ಮ್‌ಅಪ್ ಮಾಡಿಸುವುದು ನನ್ನ ಕೆಲಸ: ಕೈಗೆ ಬರುವ ಚೆಂಡು, ನೆಲದ ಚೆಂಡು, ಎರಡೂ ಕಡೆಯಿಂದ ಕ್ರಾಸ್. ಅವನ ಎಡಗಡೆ ನೆಲಮಟ್ಟದ ಚೆಂಡಿಗೆ ಕೈ ತಡವಾಗಿ ಇಳಿಯುತ್ತಿತ್ತು. ಅದನ್ನು ಅವನಿಗೆ ಹೇಳಬೇಕೋ ಬೇಡವೋ ಅಂತ ಒಂದು ತಿಂಗಳು ಒದ್ದಾಡಿದ್ದೇನೆ. ಹೇಳಿದೆ. ಅವನು ತಿದ್ದಿಕೊಂಡ, ನಾನು ಇನ್ನೆರಡು ಸೀಸನ್ ಕೂತೆ. ಅವನ ಕಾಲು ಉಳುಕಲಿ ಅಂತ ಒಮ್ಮೆಯೂ ಅಂದುಕೊಂಡಿಲ್ಲ ಅಂದರೆ ಸುಳ್ಳಾಗುತ್ತದೆ. ಆದರೂ ನನ್ನ ಮಗಳ ನಾಮಕರಣಕ್ಕೆ ಮೊದಲು ಬಂದವನು ಅವನೇ.

ಕೂತು ಕೂತು ಎರಡು ಅಭ್ಯಾಸ ಮಾಡಿಕೊಂಡೆ. ಆಡುವುದಿಲ್ಲ ಅಂತ ಗೊತ್ತಿದ್ದರೂ ಪ್ರತಿ ಆಟಕ್ಕೂ ಗ್ಲೌಸ್ ಒದ್ದೆ ಮಾಡಿಕೊಂಡೇ ಬೆಂಚಿಗೆ ಬರುವುದು ಒಂದು. ಇನ್ನೊಂದು, ಜೇಬಿಗೆ ಹಿಡಿಯುವ ನೋಟ್‌ಬುಕ್. ಯಾವ ತಂಡದ ಯಾರು ಪೆನಾಲ್ಟಿ ಯಾವ ಮೂಲೆಗೆ ಹೊಡೆದ, ಎಷ್ಟು ಹೆಜ್ಜೆ ಓಡಿ ಬಂದ, ಕಾರ್ನರ್ ಒಳಕ್ಕೆ ತಿರುಗಿಸುತ್ತಾನೋ ಹೊರಕ್ಕೋ, ಎಲ್ಲಾ ಬರೆಯುತ್ತಿದ್ದೆ. ಹುಡುಗರು 'ಕಿರಾಣಿ ಅಂಗಡಿ ಲೆಕ್ಕ' ಅಂತ ನಗುತ್ತಿದ್ದರು.

ಐದನೇ ಸೀಸನ್‌ನಲ್ಲಿ ಒಂದು ಸಂಜೆ, ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂ, ಸಣ್ಣ ಮಳೆ. 63ನೇ ನಿಮಿಷಕ್ಕೆ ನಮ್ಮ ಮೊದಲನೇ ಗೋಲಿ ಪೆನಾಲ್ಟಿ ಬಾಕ್ಸಿನ ಹೊರಗೆ ಎದುರಾಳಿಯನ್ನು ಕೆಡವಿ ರೆಡ್ ಕಾರ್ಡ್ ತಗೊಂಡ. ಒಬ್ಬ ಮಿಡ್‌ಫೀಲ್ಡರ್‌ನನ್ನು ಹೊರಗೆ ಕರೆದು ನನ್ನನ್ನು ಇಳಿಸಿದರು. ಒಂದು ಗಂಟೆ ಕೂತ ಮೈ ಕಬ್ಬಿಣ. ನನ್ನ ಮೊದಲ ಚೆಂಡೇ ಫ್ರೀಕಿಕ್. ಅದನ್ನು ಹೇಗೋ ತಳ್ಳಿದೆ. ಧೈರ್ಯ ಬಂತು, ಅದೇ ಕೆಡಿಸಿತು. ಹತ್ತು ನಿಮಿಷದ ಮೇಲೆ ಒಂದು ಕಾರ್ನರ್‌ಗೆ ಹೊರಟೆ, ನಡುದಾರಿಯಲ್ಲಿ ನಿಂತೆ, ಮತ್ತೆ ಹೊರಟೆ. 'ಕೀಪರ್!' ಅಂತ ಕೂಗಿದ್ದು ಚೆಂಡು ತಲೆಯ ಮೇಲೆ ಬಂದಾಗ. ಅಷ್ಟರಲ್ಲಿ ನಮ್ಮ ಸ್ಟಾಪರ್, ಅಂದರೆ ನಡುವಿನ ಡಿಫೆಂಡರ್, ಹಾರಿಯಾಗಿತ್ತು. ನನ್ನ ಮುಷ್ಟಿ ಅವನ ಕಿವಿಗೆ, ಚೆಂಡು ಗೋಲ್ ಒಳಕ್ಕೆ. 0-1, ಅಲ್ಲಿಗೆ ಮುಗಿಯಿತು.

ಡ್ರೆಸಿಂಗ್ ರೂಮಿನಲ್ಲಿ ಕೋಚ್ ಬೈಯಲಿಲ್ಲ. 'ಬಾಯಿ ಎಲ್ಲಿ ಇಟ್ಟಿದ್ದೆ?' ಅಂದರು, ಅಷ್ಟೇ. ಮನೆಗೆ ಹೋಗಿ ನೋಟ್‌ಬುಕ್ ತೆರೆದರೆ ಆ ತಂಡದ ಕಾರ್ನರ್ ಹೇಗೆ ಬರುತ್ತದೆ ಅಂತ ನಾನೇ ಬರೆದಿಟ್ಟಿದ್ದೆ.

ಬಾಯಿಯ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಬ್ಯಾಕ್‌ಲೈನ್‌ನಲ್ಲಿ ಒಬ್ಬ ತಮಿಳು ಮಾತಾಡುವವನು, ಒಬ್ಬ ಮಲಯಾಳಿ, ಒಬ್ಬ ಉರ್ದು, ಇನ್ನೊಬ್ಬ ಮಣಿಪುರದವನು. ವಾಕ್ಯ ಕಟ್ಟುವಷ್ಟು ಹೊತ್ತು ಯಾರಿಗಿದೆ? ನಾಲ್ಕೇ ಮಾತು ಇಟ್ಟುಕೊಂಡೆವು: ನಾನು ಬರುತ್ತೇನೆ ಅಂದರೆ 'ಕೀಪರ್', ನೀನೇ ಹೊಡಿ ಅಂದರೆ 'ಅವೇ', ಬೆನ್ನ ಹಿಂದೆ ಆಳಿದ್ದರೆ 'ಮ್ಯಾನ್', ಸಮಯ ಇದ್ದರೆ 'ಟೈಮ್'. ಆಮೇಲಿನ ವರ್ಷಗಳಲ್ಲಿ ನಾನು ಬೆಳಗಿನ ಜಾವ ಖಾಲಿ ಮೈದಾನದಲ್ಲಿ ಒಬ್ಬನೇ ನಿಂತು ಇವನ್ನು ಕೂಗುತ್ತಿದ್ದೆ. ವಾಕಿಂಗ್‌ಗೆ ಬಂದವರು ದಾರಿ ಬದಲಿಸುತ್ತಿದ್ದರು.

ನೋಟ್‌ಬುಕ್ ಕೈಹಿಡಿದದ್ದೂ ಉಂಟು. ಗೋಲಿನ ಅಗಲ 7.32 ಮೀಟರ್, ಎತ್ತರ 2.44. ಪೆನಾಲ್ಟಿ 11 ಮೀಟರಿನಿಂದ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊಡೆದರೆ ಚೆಂಡು ಬರಲು ಬೇಕಾದ್ದು 0.4 ಸೆಕೆಂಡ್. ಚೆಂಡು ನೋಡಿ ಹಾರಿದರೆ ಮೂಲೆ ಸಿಗುವುದಿಲ್ಲ. ಹೊಡೆಯುವವನು ಊರುವ ಕಾಲು ಯಾವ ಕಡೆ ತಿರುಗಿದೆ, ಸೊಂಟ ಎಷ್ಟು ತೆರೆದಿದೆ, ಅಷ್ಟನ್ನು ನೋಡಬೇಕು. ಮೊದಲನೇ ಗೋಲಿ ಜ್ವರದಲ್ಲಿ ಮಲಗಿದ್ದ ಒಂದು ಆಟದಲ್ಲಿ, ಓಟಕ್ಕೆ ಮುಂಚೆ ಕಾಲುಚೀಲ ಎಳೆದುಕೊಳ್ಳುವ ಒಬ್ಬ ಫಾರ್ವರ್ಡ್ ಎದುರಿಗೆ ಬಂದ. ನನ್ನ ಲೆಕ್ಕದಲ್ಲಿ ಅವನು ನಾಲ್ಕಕ್ಕೆ ನಾಲ್ಕೂ ಗೋಲಿಯ ಬಲಗಡೆಗೇ ಹೊಡೆದಿದ್ದ. ಐದನೆಯದೂ ಅಲ್ಲಿಗೇ ಬಂತು. ಬೆರಳು ಎರಡನೇ ಸಲ ಜಾರಿದ್ದು ಅವತ್ತೇ.

2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾಗಿ ಮೊದಲ ಸೀಸನ್ ನಮ್ಮ ಅದೇ ಅಶೋಕನಗರದ ಸ್ಟೇಡಿಯಂನಲ್ಲಿ ಆಡಿತು, ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದೂಬಿಟ್ಟಿತು. ಜನ ಆಟ ನೋಡಲು ಬರುತ್ತಿದ್ದರು; ನಾನು ಮುಂಚೆಯೇ ಹೋಗಿ ಗೋಲಿಗಳ ವಾರ್ಮ್‌ಅಪ್ ನೋಡುತ್ತಿದ್ದೆ. ಕಾಲಿನ ಪುಟ್ಟ ಪುಟ್ಟ ಹೆಜ್ಜೆ, ಹೊಡೆಯುವ ಕ್ಷಣಕ್ಕೆ ಸರಿಯಾಗಿ ಎರಡೂ ಪಾದ ನೆಲದ ಮೇಲೆ. ನಮಗೆ ಗೋಲಿ ಅಭ್ಯಾಸ ಅಂದರೆ 'ಹೋಗಿ ನಿಂತ್ಕೊ, ಎಲ್ರೂ ಹೊಡೀತಾರೆ' ಅನ್ನುವುದೇ ಆಗಿತ್ತು. 29ನೇ ವಯಸ್ಸಿನಲ್ಲಿ ಗೊತ್ತಾಯಿತು, ಇಷ್ಟು ವರ್ಷ ಕೈಯನ್ನೇ ನಂಬಿಕೊಂಡು ಕಾಲನ್ನು ಮರೆತಿದ್ದೆ ಅಂತ. ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ.

ಕಾಯಂ ಆಗಲಿಲ್ಲ. 2017ರಲ್ಲಿ ಭುಜ ಜಾರಿತು, ಆ ವರ್ಷದ ಕಾಗದ ಬರಲಿಲ್ಲ. ಆರು ತಿಂಗಳು ಭಾವನ ಅಂಗಡಿಯಲ್ಲಿ ಬಿಲ್ ಬರೆದೆ. ಆಮೇಲೆ ಗೋಲ್‌ಕೀಪಿಂಗ್ ಕೋಚ್‌ಗಳ ಮೊದಲ ಹಂತದ ಕೋರ್ಸ್ ಮಾಡಿಕೊಂಡು ಈಗ ಬೆಳಿಗ್ಗೆ ಒಂದು ಅಕಾಡೆಮಿ, ಮಧ್ಯಾಹ್ನ ಒಂದು ಶಾಲೆ. 2023ರ ಮಾರ್ಚ್ 4ರಂದು ಕರ್ನಾಟಕ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷದ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಎತ್ತಿದಾಗ ಮೊಬೈಲ್ ಹಿಡಿದು ಕೂತಿದ್ದೆ. ಎಲ್ಲರೂ ಗೋಲ್ ಹೊಡೆದವರನ್ನು ಹುಡುಕುತ್ತಿದ್ದರು. ನನ್ನ ಕಣ್ಣು ಮಾತ್ರ ಬೆಂಚಿನಿಂದ ಓಡಿ ಬಂದವರಲ್ಲಿ ಗ್ಲೌಸ್ ಹಾಕಿದವನು ಎಲ್ಲಿ ಅಂತ ಹುಡುಕುತ್ತಿತ್ತು.

ಮಕ್ಕಳಿಗೆ ಹೊಸ ನಿಯಮಗಳನ್ನು ಹೇಳಿಕೊಡುವುದೇ ದೊಡ್ಡ ಕೆಲಸ. ನಮ್ಮ ಕಾಲದಲ್ಲಿ ಪೆನಾಲ್ಟಿಗೆ ಎರಡು ಹೆಜ್ಜೆ ಮುಂದೆ ಕದ್ದು ಬರುತ್ತಿದ್ದೆವು, ಎಷ್ಟೋ ರೆಫ್ರಿಗಳು ಸುಮ್ಮನಿರುತ್ತಿದ್ದರು. ಈಗ ಹೊಡೆಯುವಾಗ ಒಂದು ಪಾದವಾದರೂ ಗೆರೆಯ ಮೇಲೋ ಅದರ ಹಿಂದೋ ಇರಬೇಕು. ಚೆಂಡನ್ನು ಕೈಯಲ್ಲಿ ಎಂಟು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಂಡರೆ ಎದುರಾಳಿಗೆ ಕಾರ್ನರ್; 2025ರಿಂದ ಹೀಗೆ.

ಹನ್ನೆರಡು ವರ್ಷದವರ ತಂಡದಲ್ಲಿ ನನಗೆ ಇಬ್ಬರು ಗೋಲಿಗಳು. ಎರಡನೆಯವನು ಸಣಕಲ, ಕೈ ಮಾತ್ರ ಮೊರದಗಲ. ಕಳೆದ ಭಾನುವಾರ ಆಟಕ್ಕೆ ಮುಂಚೆ ಹತ್ತಿರ ಬಂದು, 'ಸರ್, ಇವತ್ತಾದ್ರೂ ಆಡಿಸ್ತೀರಾ?' ಅಂದ.

'ಗೊತ್ತಿಲ್ಲ ಕಣೋ,' ಅಂದೆ. 'ನಲ್ಲಿ ಆ ಕಡೆ ಇದೆ. ಗ್ಲೌಸ್ ಒದ್ದೆ ಮಾಡ್ಕೊಂಡ್ ಬಾ.'