ಹಳೆಯ ಜಪಾನಿ ಬೈಕಿಗೆ ಜೆಐಎಸ್ ಸ್ಕ್ರೂಡ್ರೈವರ್ ಬಳಸಿ

1970 ಮತ್ತು 80ರ ದಶಕಗಳ ಹೋಂಡಾ, ಯಮಾಹಾ, ಸುಜುಕಿ, ಕವಾಸಾಕಿ ಸ್ಪೋರ್ಟ್ಸ್ ಬೈಕುಗಳ ಕಾರ್ಬ್ಯುರೇಟರನ್ನೋ ಎಂಜಿನ್ ಕವರನ್ನೋ ಬಿಚ್ಚುವಾಗ ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರನ್ನು ಬದಿಗಿಟ್ಟು, ಜಪಾನಿನ ಕೈಗಾರಿಕಾ ಮಾನದಂಡವಾದ ಜೆಐಎಸ್‌ಗೆ ಹೊಂದುವ ಸ್ಕ್ರೂಡ್ರೈವರನ್ನೇ ಬಳಸಿ. ಎರಡೂ ನೋಡಲು ಒಂದೇ ಪ್ಲಸ್ ಗುರುತಿನಂತೆ ಕಂಡರೂ, ಫಿಲಿಪ್ಸ್ ತುದಿಯು ಜೆಐಎಸ್ ಸ್ಕ್ರೂವಿನ ತಲೆಯೊಳಗೆ ತಳದವರೆಗೆ ಇಳಿದು ಕೂರುವುದಿಲ್ಲವಾದ್ದರಿಂದ, ಬಲ ಹಾಕಿದೊಡನೆ ಜಾರಿ ಮೇಲೆದ್ದು ಅಂಚುಗಳನ್ನು ಸವೆಸಿಬಿಡುತ್ತದೆ. ಹಲವು ಜೆಐಎಸ್ ಸ್ಕ್ರೂಗಳ ತಲೆಯ ಮೇಲೆ ಸಣ್ಣ ಚುಕ್ಕೆಯ ಗುರುತಿರುತ್ತದೆ. ಚುಕ್ಕೆ ಕಾಣದಿದ್ದರೂ ಅದು ಬೈಕಿನ ಮೂಲ ಸ್ಕ್ರೂ ಆಗಿದ್ದರೆ ಜೆಐಎಸ್ ಎಂದೇ ಎಣಿಸುವುದು ಒಳ್ಳೆಯದು. (ಹಳೆಯ ಬೈಕ್ ಕೊಳ್ಳುವ ಮುನ್ನವೂ ಈ ತಲೆಗಳನ್ನೊಮ್ಮೆ ನೋಡಿ: ಅವು ಕಿತ್ತುಹೋಗಿದ್ದರೆ, ಹಿಂದಿನವರು ಎಂಜಿನ್ನಿನೊಳಗೆ ಹೇಗೆ ಕೈಯಾಡಿಸಿರಬಹುದೆಂಬ ಅನುಮಾನ ನ್ಯಾಯವಾದದ್ದೇ.) ತಲೆ ಈಗಾಗಲೇ ಸವೆದಿದ್ದರೆ, ಅಥವಾ ಉಕ್ಕಿನ ಸ್ಕ್ರೂ ಅಲ್ಯೂಮಿನಿಯಂ ಕವಚದೊಳಗೆ ಕಚ್ಚಿಕೊಂಡಿದ್ದರೆ, ಸರಿಯಾದ ತುದಿಯೊಂದೇ ಸಾಲದು. ಆಗ ತುಕ್ಕು ಬಿಡಿಸುವ ಎಣ್ಣೆಯನ್ನು ಸ್ಕ್ರೂವಿಗೆ ಹಾಕಿ ಒಂದು ರಾತ್ರಿ ಕಾದು, ಜೆಐಎಸ್ ಬಿಟ್ ಹಾಕಿದ, ಸುತ್ತಿಗೆಯಿಂದ ಹೊಡೆಯುವ ಇಂಪ್ಯಾಕ್ಟ್ ಡ್ರೈವರನ್ನು ಬಳಸಬೇಕಾಗುತ್ತದೆ. ಆದರೆ ಕಾರ್ಬ್ಯುರೇಟರಿನ ಮೆದು ಲೋಹ ಆ ಪೆಟ್ಟಿಗೆ ಬಿರಿಯಬಹುದಾದ್ದರಿಂದ ಅಲ್ಲಿ ಅದನ್ನು ಬಳಸಲೇಬಾರದು.