ಹಳೆಯ ಎಂಜಿ ಕಾರಿನ ಮಾದರಿ ಪತ್ತೆ ಹಚ್ಚುವುದು ಹೇಗೆ?

ಹಳೆಯ ಎಂಜಿ ಸ್ಪೋರ್ಟ್ಸ್ ಕಾರಿನ ಮೇಲೆ ಬರೆದಿರುವುದನ್ನು ಕೊನೆಗೆ ಓದಿ. ಬ್ಯಾಡ್ಜ್, ಗ್ರಿಲ್, ಬಾನೆಟ್, ಚಕ್ರ, ಅಷ್ಟೇಕೆ, ಎಂಜಿನ್ ಕೂಡ ಬೇರೆ ವರ್ಷದ ಕಾರಿನಿಂದ ಬಂದಿರಬಹುದು. ಇಂಗ್ಲೆಂಡಿನ ಆಬಿಂಗ್ಡನ್ ಕಾರ್ಖಾನೆಯಲ್ಲಿ 1929ರಿಂದ 1980ರವರೆಗೆ ಈ ಕಾರುಗಳು ತಯಾರಾದವು. ಅಲ್ಲಿ ಹೊಸ ಮಾದರಿ ಎಂದರೆ ಬಹುತೇಕ ಹಳೆಯದನ್ನೇ ಅಲ್ಲಲ್ಲಿ ತಿದ್ದಿದ್ದು. ಹೀಗಾಗಿ ಒಂದರ ಭಾಗ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ, ಅರ್ಧ ಶತಮಾನದಲ್ಲಿ ಮಾಲೀಕರು ಕೂರಿಸಿಯೂ ಇದ್ದಾರೆ. ಮಾದರಿ ತಪ್ಪಾಗಿ ಗುರುತಿಸಿದರೆ ಬೇರಿಂಗ್ ಸೆಟ್ ತಪ್ಪು ಬರುತ್ತದೆ, ಬೆಲೆ ತಪ್ಪುತ್ತದೆ, ನೋಂದಣಿಗೆ ಹೋದಾಗ ಕಾಗದಪತ್ರ ತಾಳೆಯಾಗುವುದಿಲ್ಲ. ಅಂದಹಾಗೆ, ಇಂದು ನಮ್ಮ ರಸ್ತೆಗಳಲ್ಲಿ ಓಡಾಡುವ ಎಂಜಿ ಎಸ್‌ಯುವಿಗಳು ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುವಂಥವು. ಎಂಟು ಮೂಲೆಯ ಲಾಂಛನ ಒಂದನ್ನು ಬಿಟ್ಟರೆ ಅವುಗಳಿಗೂ ಆಬಿಂಗ್ಡನ್ ಕಾರುಗಳಿಗೂ ನಂಟಿಲ್ಲ.

ಜೊತೆಗೆ ಒಯ್ಯಬೇಕಾದ್ದು: ಟಾರ್ಚ್, ತೆಳು ಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ, ಕೈಗನ್ನಡಿ, ವೈರ್ ಬ್ರಷ್, ಸೀಮೆಎಣ್ಣೆ ಅದ್ದಿದ ಬಟ್ಟೆ, ಅಳತೆ ಟೇಪು, ಥ್ರೆಡ್ ಗೇಜ್ (ಬೋಲ್ಟ್‌ನ ಸುರುಳಿ ಗೆರೆ ಅಳೆಯುವ ಸಾಧನ). ಜಾಕ್ ಮತ್ತು ಸ್ಟ್ಯಾಂಡ್ ಇದ್ದರೆ ಕೊನೆಯ ಹಂತವನ್ನೂ ಅಲ್ಲೇ ಮುಗಿಸಬಹುದು.

ಹಂತ 1: ಮೊದಲು ಕಾಲಘಟ್ಟ

ಇಲ್ಲಿರುವುದು ಟಿ ಸರಣಿ, ಎಂಜಿಎ, ಎಂಜಿಬಿ ಮತ್ತು ಅವುಗಳ ರೂಪಾಂತರಗಳ ಗುರುತು ಮಾತ್ರ. ಹತ್ತು ಹೆಜ್ಜೆ ದೂರ ನಿಂತು ಮಡ್‌ಗಾರ್ಡ್ ನೋಡಿ. ಮಡ್‌ಗಾರ್ಡ್ ಬೇರೆ, ಬಾಡಿ ಬೇರೆ ಎಂಬಂತಿದ್ದು, ಬಾಗಿಲ ಕೆಳಗೆ ಕಾಲಿಡುವ ಹಲಗೆ ಇದ್ದರೆ ಅದು ಟಿ ಸರಣಿ, ಅಂದರೆ 1936ರಿಂದ 1955ರವರೆಗಿನದು. ಮೈ ದುಂಡಗೆ ನಯವಾಗಿದ್ದು, ಬಾಗಿಲಿಗೆ ಹೊರಗಿನ ಹಿಡಿಯೇ ಇಲ್ಲದ ತೆರೆದ ಕಾರಾದರೆ 1955ರಿಂದ 1962ರ ಎಂಜಿಎ. ಬಾಗಿಲಿಗೆ ಹಿಡಿಯೂ ಏರಿಳಿಸುವ ಗಾಜೂ ಇದ್ದು, ಬದಿ ನೇರ ಗೆರೆಯಂತೆ ಸಾಗಿದ್ದರೆ 1962ರಿಂದ 1980ರ ಎಂಜಿಬಿ. ಎಂಜಿಎ ಕೂಪೆಗೂ (ಗಟ್ಟಿ ಛಾವಣಿಯದ್ದು) ಬಾಗಿಲ ಹಿಡಿ ಉಂಟು, ಆದರೆ ಅದರ ಗುಂಡು ಛಾವಣಿ ನೋಡಿದರೆ ಗೊಂದಲವಾಗುವುದಿಲ್ಲ.

ಹಂತ 2: ಟಿ ಸರಣಿಯಾದರೆ

ಚಕ್ರದಿಂದ ಶುರು ಮಾಡಿ. 19 ಇಂಚಿನ ತೆಳ್ಳನೆಯ ಸ್ಪೋಕ್ ಚಕ್ರವಿದ್ದರೆ ಟಿಎ, ಟಿಬಿ ಅಥವಾ ಟಿಸಿ. 15 ಇಂಚಿನದಾದರೆ ಟಿಡಿ ಅಥವಾ ಟಿಎಫ್.

ಟಿಎ (1936–39) ಮತ್ತು ಟಿಬಿ (1939) ಹೊರನೋಟಕ್ಕೆ ಒಂದೇ. ವ್ಯತ್ಯಾಸವಿರುವುದು ಎಂಜಿನ್‌ನಲ್ಲಿ. ಟಿಎಗೆ 1292 ಸಿಸಿಯ ಎಂಪಿಜೆಜಿ ಹೆಸರಿನ ಎಂಜಿನ್, ಎಣ್ಣೆಯಲ್ಲಿ ಮುಳುಗಿದ ಕಾರ್ಕ್ ಕ್ಲಚ್. ಟಿಬಿಗೆ 1250 ಸಿಸಿಯ ಎಕ್ಸ್‌ಪಿಎಜಿ, ಒಣ ಕ್ಲಚ್. ಯುದ್ಧ ಶುರುವಾಗಿದ್ದರಿಂದ ಟಿಬಿ ತಯಾರಾದದ್ದು ಕೇವಲ 379. ಎಷ್ಟೋ ಟಿಎಗಳಿಗೆ ಆಮೇಲೆ ಎಕ್ಸ್‌ಪಿಎಜಿ ಕೂರಿಸಿದ್ದಾರೆ. ಆದ್ದರಿಂದ ಎಂಜಿನ್ ನೋಡಿ ಟಿಬಿ ಎನ್ನಬೇಡಿ, ಷಾಸಿ ಸಂಖ್ಯೆಯೇ ಆಧಾರ.

ಟಿಸಿ (1945–49) ಟಿಬಿಯ ತಮ್ಮ. ಕೂರುವ ಜಾಗ 4 ಇಂಚು ಅಗಲ, ಕಾಲಿಡುವ ಹಲಗೆಯ ಮೇಲೆ ಮೂರರ ಬದಲು ಎರಡು ಪಟ್ಟಿ, ಹಿಂದಿನ ಲೀಫ್ ಸ್ಪ್ರಿಂಗ್ ತುದಿಯಲ್ಲಿ ಜಾರುವ ಟ್ರನಿಯನ್ (ಸ್ಪ್ರಿಂಗ್ ತುದಿ ಜಾರುವ ಹಿಡಿಕೆ) ಬದಲು ಶ್ಯಾಕಲ್ (ತೂಗಾಡುವ ಕೊಂಡಿ). ತಯಾರಾದದ್ದು ಸುಮಾರು 10,000. ಕಾರ್ಖಾನೆ ಇದನ್ನು ಬಲಗೈ ಸ್ಟೀರಿಂಗ್‌ನಲ್ಲಿ ಮಾತ್ರ ಕಟ್ಟಿತು. ಎಡಗೈ ಟಿಸಿ ಕಂಡರೆ ಯಾರೋ ಬದಲಿಸಿದ್ದಾರೆ ಎಂದೇ ತಿಳಿಯಿರಿ. ಷಾಸಿ ಸಂಖ್ಯೆ 0251ರಿಂದ ಶುರುವಾಗುತ್ತದೆ. 251 ಆಬಿಂಗ್ಡನ್ ಕಾರ್ಖಾನೆಯ ದೂರವಾಣಿ ಸಂಖ್ಯೆ! ಟಿಸಿಯ ಮೊದಲ ಕಾರಿನ ಸಂಖ್ಯೆ 0001 ಎಂದು ಯಾರಾದರೂ ಹೇಳಿಕೊಂಡರೆ ಅಲ್ಲಿಗೇ ಮಾತು ನಿಲ್ಲಿಸಬಹುದು.

ಟಿಡಿಯಲ್ಲಿ (1949–53) ಬದಲಾದದ್ದು ಹೊಟ್ಟೆಯೊಳಗೆ: ವೈ ಮಾದರಿಯ ಸೆಡಾನ್‌ನಿಂದ ಬಂದ ಸ್ವತಂತ್ರ ಮುಂಭಾಗದ ಸಸ್ಪೆನ್ಷನ್, ರ‍್ಯಾಕ್ ಅಂಡ್ ಪಿನಿಯನ್ ಸ್ಟೀರಿಂಗ್, ಉಕ್ಕಿನ ಡಿಸ್ಕ್ ಚಕ್ರ, ಹಿಂದೆ ಮುಂದೆ ಬಂಪರ್. ಮೊದಮೊದಲ ಚಕ್ರಗಳಿಗೆ ತೂತಿಲ್ಲ, ನಂತರದವಕ್ಕೆ ಸುತ್ತಲೂ ತೂತುಗಳಿವೆ. ಸುಮಾರು 29,600 ತಯಾರಾದವು. ಟಿಸಿಯ ಚೆಲುವಿಗೆ ಮರುಳಾದವರು ಟಿಡಿಯನ್ನು ಮೂಗು ಮುರಿದು ನೋಡುತ್ತಾರೆ. ಓಡಿಸುವುದಕ್ಕೆ ಮಾತ್ರ ಇದೇ ವಾಸಿ.

ಟಿಎಫ್‌ನಲ್ಲಿ (1953–55) ಹೆಡ್‌ಲೈಟ್ ಮಡ್‌ಗಾರ್ಡ್‌ನೊಳಗೆ ಸೇರಿಕೊಂಡಿತು, ಗ್ರಿಲ್ ಹಿಂದಕ್ಕೆ ಓರೆಯಾಯಿತು, ಡ್ಯಾಶ್‌ಬೋರ್ಡ್ ನಡುವೆ ಎಂಟು ಮೂಲೆಯ ಮೀಟರ್‌ಗಳು ಬಂದವು. ಗ್ರಿಲ್ ಮೇಲಿನ ರೇಡಿಯೇಟರ್ ಮುಚ್ಚಳ ಬರೀ ಅಲಂಕಾರ. ನೀರು ಹಾಕುವ ನಿಜವಾದ ಮುಚ್ಚಳ ಬಾನೆಟ್ ಒಳಗಿದೆ, ಬಿಸಿಯಿದ್ದಾಗ ತಿರುಗಿಸಬೇಡಿ. ಒಟ್ಟು 9,600ರಲ್ಲಿ ಸುಮಾರು 3,400ಕ್ಕೆ 1466 ಸಿಸಿಯ ಎಕ್ಸ್‌ಪಿಇಜಿ ಎಂಜಿನ್. ಅವೇ ಟಿಎಫ್ 1500, ಬೆಲೆಯೂ ಹೆಚ್ಚು. ಬಾನೆಟ್ ಬದಿಯ ‘1500’ ಬ್ಯಾಡ್ಜ್ ಅಂಗಡಿಯಲ್ಲಿ ಸಿಗುತ್ತದೆ, ಎಂಜಿನ್ ಸಂಖ್ಯೆಯ ಮೊದಲ ನಾಲ್ಕು ಅಕ್ಷರ ನೋಡಿ.

ಟಿ ಸರಣಿಯ ಎಲ್ಲ ಕಾರುಗಳಲ್ಲೂ ಬಾಡಿಯ ತಗಡಿನ ಒಳಗೆ ಮರದ ಚೌಕಟ್ಟಿದೆ. ಬಾಗಿಲು ತೆರೆದು ತುದಿಯನ್ನು ಮೇಲಕ್ಕೆತ್ತಿ. ಕೀಲಿನ ಕಂಬವೇ ಅಲುಗಾಡಿದರೆ ಮರ ಕೊಳೆತಿದೆ. ಕೀಲು ಬದಲಿಸಿ ಉಪಯೋಗವಿಲ್ಲ, ಕಂಬ ಬದಲಿಸಬೇಕು, ಅಂದರೆ ತಗಡು ಬಿಚ್ಚಬೇಕು.

ಎಂಜಿನ್‌ಗೆ ಸ್ಪ್ಯಾನರ್ ಹಾಕುವ ಮುನ್ನ ಇದು ಗೊತ್ತಿರಲಿ. ಎಕ್ಸ್‌ಪಿಎಜಿ ಎಂಜಿನ್‌ನ ಬೋಲ್ಟ್‌ಗಳ ಥ್ರೆಡ್ ಮೆಟ್ರಿಕ್, ತಲೆ ಮಾತ್ರ ವಿಟ್‌ವರ್ತ್ (ಹಳೆಯ ಬ್ರಿಟಿಷ್) ಅಳತೆ. 8 ಎಂಎಂ ಬೋಲ್ಟ್‌ನ ಪಿಚ್, ಅಂದರೆ ಎರಡು ಸುರುಳಿ ಗೆರೆಗಳ ನಡುವಿನ ಅಂತರ, 1.0 ಎಂಎಂ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸಾಮಾನ್ಯ 8 ಎಂಎಂ ಬೋಲ್ಟ್‌ನದು 1.25. ಎರಡು ಸುತ್ತು ಒಳಗೆ ಹೋಗಿ ಬಿಗಿಯಾಗುತ್ತದೆ, ಒತ್ತಿ ತಿರುಗಿಸಿದರೆ ಬ್ಲಾಕ್‌ನ ಥ್ರೆಡ್ ಹಾಳು. ಥ್ರೆಡ್ ಗೇಜ್ ತನ್ನಿ ಎಂದದ್ದು ಇದಕ್ಕೆ. ಎಂಜಿಎ, ಎಂಜಿಬಿಗಳಲ್ಲಿ ಈ ರಗಳೆ ಇಲ್ಲ, ಬಹುತೇಕ ಯುಎನ್‌ಎಫ್ (ಇಂಚಿನ ಲೆಕ್ಕದ ಸಣ್ಣ ಥ್ರೆಡ್).

ಹಂತ 3: ಎಂಜಿಎಯಾದರೆ

ಎಂಜಿಎ ಹಿಂದಿನ ದೀಪ ನೋಡಿ. ಬ್ರೇಕ್ ದೀಪವೇ ಇಂಡಿಕೇಟರ್ ಕೆಲಸವನ್ನೂ ಮಾಡಿದರೆ 1489 ಸಿಸಿಯ 1500. ಇಂಡಿಕೇಟರ್‌ಗೆ ಬೇರೆ ದೀಪವಿದ್ದರೆ 1959ರ ನಂತರದ 1600, 1588 ಸಿಸಿ, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್. ದೀಪಗಳು ಡಿಕ್ಕಿ ಮುಚ್ಚಳದ ಕೆಳಗೆ ಅಡ್ಡಡ್ಡ ಕೂತಿದ್ದು, ಗ್ರಿಲ್‌ನ ಪಟ್ಟಿಗಳು ಒಳಕ್ಕೆ ಸರಿದಿದ್ದರೆ 1961–62ರ ಮಾರ್ಕ್ 2 (ಎರಡನೇ ಆವೃತ್ತಿ), 1622 ಸಿಸಿ. ಎಂಜಿನ್ ಸಂಖ್ಯೆಯ ಆರಂಭ ಇದಕ್ಕೆ ಹೊಂದಬೇಕು: 15ಜಿಬಿ ಅಥವಾ 15ಜಿಡಿ ಎಂದರೆ 1500, 16ಜಿಎ ಎಂದರೆ 1600, 16ಜಿಸಿ ಎಂದರೆ ಮಾರ್ಕ್ 2.

ಮೋಸ ಹೆಚ್ಚು ನಡೆಯುವುದು ಟ್ವಿನ್ ಕ್ಯಾಮ್ (ಎಂಜಿನ್‌ಗೆ ಎರಡು ಕ್ಯಾಮ್‌ಶಾಫ್ಟ್ ಇರುವ ಎಂಜಿಎ) ಹೆಸರಿನಲ್ಲಿ. 1958–60ರಲ್ಲಿ ತಯಾರಾದದ್ದು 2,111 ಮಾತ್ರ. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್, ನಡುವೆ ಒಂದೇ ನಟ್ ಇರುವ ಡನ್‌ಲಪ್ ಉಕ್ಕಿನ ಚಕ್ರ. ಆದರೆ ಆ ಚಕ್ರ, ಆ ಬ್ರೇಕ್ ಇದ್ದ ಮಾತ್ರಕ್ಕೆ ಅದು ಟ್ವಿನ್ ಕ್ಯಾಮ್ ಅಲ್ಲ. ಟ್ವಿನ್ ಕ್ಯಾಮ್ ನಿಂತ ಮೇಲೆ ಅದೇ ಷಾಸಿ ಭಾಗಗಳಿಗೆ ಸಾಮಾನ್ಯ ಎಂಜಿನ್ ಹಾಕಿ ಕಾರ್ಖಾನೆಯೇ ‘ಡಿಲಕ್ಸ್’ ಕಾರುಗಳನ್ನು ಕಟ್ಟಿತು. ಷಾಸಿ ಸಂಖ್ಯೆ ವೈಡಿ ಅಥವಾ ವೈಎಂ ಎಂದು ಶುರುವಾಗಬೇಕು. ಮೊದಲ ಟ್ವಿನ್ ಕ್ಯಾಮ್‌ಗಳ ಕಂಪ್ರೆಷನ್ 9.9:1. ಇಂಧನ ಮಿಶ್ರಣ ಸ್ವಲ್ಪ ತೆಳುವಾದರೂ ಪಿಸ್ಟನ್ ತೂತು ಬೀಳುತ್ತಿತ್ತು, ಕೊನೆಯಲ್ಲಿ 8.3:1ಕ್ಕೆ ಇಳಿಸಿದರು. ನೀವು ನೋಡುತ್ತಿರುವ ಎಂಜಿನ್‌ನಲ್ಲಿ ಯಾವ ಪಿಸ್ಟನ್ ಇದೆ ಎಂದು ಕೇಳಿ ಬರೆದುಕೊಳ್ಳಿ.

ಈಗ ಅಯಸ್ಕಾಂತ. ಎಂಜಿಎಯ ಬಾಗಿಲು, ಬಾನೆಟ್, ಡಿಕ್ಕಿ ಮುಚ್ಚಳದ ಹೊರತಗಡು ಅಲ್ಯೂಮಿನಿಯಂ, ಅಲ್ಲಿ ಅಂಟಬಾರದು. ಮಡ್‌ಗಾರ್ಡ್ ಉಕ್ಕು, ಅಲ್ಲಿ ಅಂಟದಿದ್ದರೆ ಒಳಗೆ ದಪ್ಪ ಪುಟ್ಟಿ ಇದೆ. ಕಾಲಡಿಯ ಹಲಗೆ ಪ್ಲೈವುಡ್, ಅದು ಕೊಳೆತಿದ್ದರೆ ಚಿಂತೆ ಬೇಡ, ಸುಲಭದ ಕೆಲಸ.

ಹಂತ 4: ಎಂಜಿಬಿಯಾದರೆ

ಐದು ಲಕ್ಷಕ್ಕೂ ಹೆಚ್ಚು ತಯಾರಾದ ಕಾರು ಇದು, ಗೊಂದಲವೂ ಅಷ್ಟೇ. ಗ್ರಿಲ್‌ನಿಂದ ಅಂದಾಜು ಮಾಡಬಹುದು: ಕ್ರೋಮ್‌ನ ನಿಲುವು ಪಟ್ಟಿಗಳಿದ್ದರೆ 1962–69, ಒಳಕ್ಕೆ ಸರಿದ ಕಪ್ಪು ಗ್ರಿಲ್ 1970–72ರ ಮಾದರಿ, ಕ್ರೋಮ್ ಅಂಚು, ಒಳಗೆ ಜೇನುಗೂಡಿನಂಥ ಕಪ್ಪು ಜಾಲರಿ 1973–74, ಕಪ್ಪು ರಬ್ಬರ್ ಮೂತಿ 1974ರ ಕೊನೆಯಿಂದ 1980ರವರೆಗೆ. ಗ್ರಿಲ್ ಬಿಚ್ಚಿ ಹಾಕಲು ಹೆಚ್ಚು ಹೊತ್ತು ಬೇಡ, ಆದ್ದರಿಂದ ಇಲ್ಲಿಗೇ ನಿಲ್ಲಬೇಡಿ.

ಷಾಸಿ ಸಂಖ್ಯೆ ಓದಿ. ಜಿಎಚ್‌ಎನ್3 ಎಂದಿದ್ದರೆ ಜಿ ಎಂದರೆ ಎಂಜಿ, ಎಚ್ ಎಂಜಿನ್ ಗಾತ್ರದ ವರ್ಗ, ಎನ್ ಎಂದರೆ ಎರಡು ಸೀಟಿನ ತೆರೆದ ಕಾರು. ಎನ್ ಜಾಗದಲ್ಲಿ ಡಿ ಇದ್ದರೆ ಛಾವಣಿಯ ಜಿಟಿ. ಎಂಜಿಬಿ 3ರಿಂದ ಶುರುವಾಗಲು ಕಾರಣವಿದೆ: ಎಂಜಿಎ 1600ಕ್ಕೆ ಬರೀ ಜಿಎಚ್‌ಎನ್, ಅದರ ಮಾರ್ಕ್ 2ಕ್ಕೆ ಜಿಎಚ್‌ಎನ್2 ಆಗಲೇ ಕೊಟ್ಟಾಗಿತ್ತು. 1967ರ ಕೊನೆಯಲ್ಲಿ ಬಂದ ಮಾರ್ಕ್ 2 ಎಂಜಿಬಿಗೆ 4, 1970ರ ಮಾದರಿಯಿಂದ 5. ಅಮೆರಿಕಕ್ಕೆ ಹೋದ ಕಾರುಗಳಲ್ಲಿ 5ರ ನಂತರ ಯು, ಆಮೇಲೆ ವರ್ಷದ ಅಕ್ಷರ: ಎ ಎಂದರೆ 1970ರ ಮಾದರಿ, ಬಿ 1971, ಹೀಗೆ ಮುಂದಕ್ಕೆ. ಐ ಅಕ್ಷರ ಬಿಟ್ಟಿದ್ದಾರೆ, ಎಚ್ ಆದ ಮೇಲೆ ಜೆ.

ಎಂಜಿನ್ ಎಲ್ಲದರಲ್ಲೂ 1798 ಸಿಸಿ, ಆದರೆ ಒಂದೇ ಅಲ್ಲ. 18ಜಿ ಮತ್ತು 18ಜಿಎಗೆ ಕ್ರ್ಯಾಂಕ್‌ಗೆ ಮೂರು ಮೇನ್ ಬೇರಿಂಗ್; 1964ರ ಅಕ್ಟೋಬರ್‌ನಿಂದ ಬಂದ 18ಜಿಬಿಗೆ ಐದು. ಸಂಖ್ಯೆಯ ಫಲಕ ಬ್ಲಾಕ್‌ಗೆ ರಿವೆಟ್ ಹೊಡೆದದ್ದು, ಎಂಜಿನ್ ಬದಲಾಗಿರಲೂಬಹುದು. ಬೇರಿಂಗ್ ತರಿಸುವ ಮುನ್ನ ಸಂಪ್ (ಎಂಜಿನ್ ತಳದ ಎಣ್ಣೆ ತೊಟ್ಟಿ) ಬಿಚ್ಚಿ ಎಣಿಸಿ.

1967ಕ್ಕೆ ಮುಂಚಿನ ಎಂಜಿಬಿಯಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ತ್ ಆಗಿರುತ್ತದೆ, ಚಾರ್ಜ್ ಮಾಡುವುದು ಡೈನಮೊ. ಮಾರ್ಕ್ 2ರಿಂದ ಆಲ್ಟರ್ನೇಟರ್, ನೆಗೆಟಿವ್ ಅರ್ತ್, ಮೊದಲ ಗೇರ್‌ಗೂ ಸಿಂಕ್ರೋ (ಗೇರ್ ಸಲೀಸಾಗಿ ಬೀಳಿಸುವ ವ್ಯವಸ್ಥೆ). ಬ್ಯಾಟರಿ ಉಲ್ಟಾ ಜೋಡಿಸಿದರೆ ಆಲ್ಟರ್ನೇಟರ್‌ನ ಡಯೋಡ್‌ಗಳು ಆ ಕ್ಷಣವೇ ಸುಡುತ್ತವೆ. ಹಳೆಯ ಕಾರಿಗೆ ಇಂದಿನ ರೇಡಿಯೊ ಹಾಕಿದರೂ ಅದೇ ಗತಿ.

ರಬ್ಬರ್ ಬಂಪರ್ ಬಂದದ್ದು ಅಮೆರಿಕದ ಸುರಕ್ಷತಾ ನಿಯಮಗಳಿಂದ. ಬಂಪರ್ ಎತ್ತರ ಸರಿಹೊಂದಿಸಲು ಕಾರನ್ನೇ ಸುಮಾರು ಒಂದೂವರೆ ಇಂಚು ಮೇಲೆತ್ತಿದರು. ತೆರೆದ ಕಾರಿನ ಮುಂದಿನ ಆ್ಯಂಟಿ ರೋಲ್ ಬಾರ್ ಅನ್ನೂ (ಕಾರು ವಾಲದಂತೆ ತಡೆಯುವ ಸರಳು) ತೆಗೆದರು. 1976ರಲ್ಲಿ ಮತ್ತೆ ಹಾಕುವವರೆಗೆ ತಿರುವಿನಲ್ಲಿ ಕಾರು ವಾಲುತ್ತಿತ್ತು. ಈ ಕಾರುಗಳಿಗೆ ಕ್ರೋಮ್ ಬಂಪರ್ ಕೂರಿಸಿ ಹಳೆಯದೆಂದು ಮಾರುವುದು ಸಾಮಾನ್ಯ. ಸೀಟಿನ ಹಿಂದಿನ ಮುಚ್ಚಳ ಎತ್ತಿ: ಕ್ರೋಮ್ ಕಾಲದ ಕಾರಿನಲ್ಲಿ 6 ವೋಲ್ಟ್‌ನ ಎರಡು ಬ್ಯಾಟರಿಗೆ ಎರಡು ತೊಟ್ಟಿ, ರಬ್ಬರ್ ಕಾಲದ್ದರಲ್ಲಿ 12 ವೋಲ್ಟ್‌ನ ಒಂದೇ ಬ್ಯಾಟರಿಗೆ ಒಂದೇ ತೊಟ್ಟಿ. ಬಂಪರ್ ಬದಲಿಸುವವರು ಇದನ್ನು ಮರೆಯುವುದೇ ಹೆಚ್ಚು. ಇನ್ನೊಂದು ಮಾತು, ಪೆಟ್ಟಿಗೆಯಲ್ಲಿಟ್ಟು ನೋಡುವುದಕ್ಕಲ್ಲದೆ ಓಡಿಸಲು ಬೇಕೆನ್ನುವವರು ರಬ್ಬರ್ ಬಂಪರ್ ಎಂದು ಬೇಡ ಎನ್ನಬಾರದು. ಬೆಲೆ ಕಡಿಮೆ, ಮೆಕ್ಯಾನಿಕಲ್ ಭಾಗಗಳು ಬಹುತೇಕ ಅವೇ.

ಎಂಜಿಸಿ (1967–69) ಎಂದರೆ ಎಂಜಿಬಿಗೆ 2912 ಸಿಸಿಯ ಆರು ಸಿಲಿಂಡರ್ ಎಂಜಿನ್ ತುರುಕಿದ್ದು. ಉಬ್ಬಿದ ಬಾನೆಟ್, 14ರ ಬದಲು 15 ಇಂಚಿನ ಚಕ್ರ. ಆ ಬಾನೆಟ್ ಎಂಜಿಬಿಗೂ ಕೂರುತ್ತದೆ, ಹಾಗಾಗಿ ಕೆಳಗೆ ಬಗ್ಗಿ ನೋಡಿ: ಮುಂದಿನ ಚಕ್ರಕ್ಕೆ ಕಾಯಿಲ್ ಸ್ಪ್ರಿಂಗ್ ಬದಲು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್ ಕೆಲಸ ಮಾಡುವ ಸರಳು) ಇರಬೇಕು. ಸಂಖ್ಯೆ ಜಿಸಿಎನ್1 ಅಥವಾ ಜಿಸಿಡಿ1. 1973–76ರ ಜಿಟಿ ವಿ8ಗೆ 3528 ಸಿಸಿಯ ರೋವರ್ ಎಂಜಿನ್, ಸಂಖ್ಯೆ ಜಿಡಿ2ಡಿ1. 2,591 ತಯಾರಾದವು, ಎಲ್ಲವೂ ಛಾವಣಿಯವೇ. ‘ಕಾರ್ಖಾನೆಯ ತೆರೆದ ವಿ8 ಎಂಜಿಬಿ’ ಎಂದು ಯಾರಾದರೂ ತೋರಿಸಿದರೆ ಅದು ಗ್ಯಾರೇಜಿನಲ್ಲಿ ಮಾಡಿದ್ದು. ಅಂಥದ್ದನ್ನು ಕಂಪನಿಯೇ ತಂದದ್ದು 1990ರ ದಶಕದಲ್ಲಿ, ಆರ್‌ವಿ8 ಹೆಸರಿನಲ್ಲಿ. ಅವುಗಳಲ್ಲಿ ಬಹುಪಾಲು ಜಪಾನ್‌ಗೆ ಹೋದವು.

ಹಂತ 5: ಜಾಕ್ ಎತ್ತಿ

ಎಂಜಿಬಿಗೆ ಬೇರೆ ಷಾಸಿ ಇಲ್ಲ, ಬಾಡಿಯೇ ಎಲುಬು. ಭಾರ ಹೊರುವುದು ಬಾಗಿಲ ಕೆಳಗಿನ ಸಿಲ್: ಹೊರತಗಡು, ಒಳತಗಡು, ಕೆಳಗಿನ ಕ್ಯಾಸಲ್ ರೈಲ್. ಮುಂದಿನ ಮಡ್‌ಗಾರ್ಡ್ ಒಳಗೆ ಕೆಸರು ಸೇರಿ ಇಲ್ಲಿಗೇ ಇಳಿಯುತ್ತದೆ, ತುಕ್ಕು ಒಳಗಿನಿಂದ ಹೊರಕ್ಕೆ ಬರುತ್ತದೆ. ಬಾಗಿಲು ಮುಚ್ಚಿ, ಅದರ ಹಿಂದಿನ ಸಂದಿಯನ್ನು ಅಳೆದುಕೊಂಡು, ಕಾರನ್ನು ಬದಿಯಿಂದ ಜಾಕ್ ಮಾಡಿ. ಸಂದಿ ಕಿರಿದಾದರೆ, ಬಾಗಿಲು ಸಿಕ್ಕಿಕೊಂಡರೆ ಸಿಲ್ ಸತ್ತಿದೆ. ರಿಪೇರಿ ಮಾಡಿಸುವಾಗ ತೆರೆದ ಕಾರಿನ ಎರಡೂ ಸಿಲ್‌ಗಳನ್ನು ಒಮ್ಮೆಗೇ ಕತ್ತರಿಸಲು ಬಿಡಬೇಡಿ, ನಡು ಕುಸಿಯುತ್ತದೆ. ಒಂದು ಬದಿ ಮುಗಿಸಿ, ಬಾಗಿಲು ತೂಗುಹಾಕಿ ಸಂದಿ ನೋಡಿಕೊಂಡೇ ವೆಲ್ಡ್ ಮಾಡಿ, ಆಮೇಲೆ ಇನ್ನೊಂದು.

ಸಿಲ್ ಅನುಮಾನ ಬರುವಷ್ಟು ಚೆನ್ನಾಗಿದ್ದರೆ ಅದಕ್ಕೂ ಕಾರಣವಿರಬಹುದು. ಮೂಲ ಅಚ್ಚುಗಳಿಂದ ಒತ್ತಿದ ಹೊಸ ಎಂಜಿಬಿ ಬಾಡಿ ಶೆಲ್‌ಗಳನ್ನು ಬ್ರಿಟಿಷ್ ಮೋಟಾರ್ ಹೆರಿಟೇಜ್ 1988ರಿಂದ ಮಾರುತ್ತಿದೆ. ಕಾರು ಓಡಲು ಅದು ಒಳ್ಳೆಯದೇ, ಆದರೆ ಫಲಕದ ಮೇಲಿನ ವರ್ಷ ಬಾಡಿಯ ವರ್ಷವಲ್ಲ.

ಹಂತ 6: ಕಾಗದ

ಎಂಜಿಎ, ಎಂಜಿಬಿಗಳ ತಯಾರಿಕಾ ದಾಖಲೆ ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ಇಂಡಸ್ಟ್ರಿ ಹೆರಿಟೇಜ್ ಟ್ರಸ್ಟ್ ಬಳಿ ಇದೆ. ಷಾಸಿ ಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ ಕಾರು ತಯಾರಾದ ದಿನ, ಮೂಲ ಬಣ್ಣ, ಎಂಜಿನ್ ಸಂಖ್ಯೆ, ಯಾವ ದೇಶಕ್ಕೆ ಹೋಯಿತು ಎಂಬ ಪ್ರಮಾಣಪತ್ರ ಕೊಡುತ್ತಾರೆ. ಖರೀದಿಗೆ ಮುಂಚೆಯೇ ತರಿಸಿ, ಆಮೇಲಲ್ಲ.

ನಮ್ಮಲ್ಲಿ 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನವೀಕರಣಕ್ಕೆ 5,000. ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಈಗಾಗಲೇ ನೋಂದಣಿ ಇರುವವರು ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಷಾಸಿ, ಬಾಡಿ ಶೆಲ್ ಅಥವಾ ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂಬುದು ಷರತ್ತು. ಹೊಸ ಶೆಲ್ ಹಾಕಿದ, ಅಥವಾ ರೋವರ್ ವಿ8 ತುರುಕಿದ ತೆರೆದ ಎಂಜಿಬಿ ತೊಡಕಿಗೆ ಸಿಕ್ಕುವುದು ಇಲ್ಲೇ. ಈ ನೋಂದಣಿಯ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ, ಇಂಥ ಕೆಲಸಗಳಿಗೆ ಮಾತ್ರ.